ಎಂಜಲು ಬೆರಳಿನ ಸಾಹೇಬರು

"ತುಜ್ಯಾನ್ ಜಾಯ್ನಾ ಗೋ" ಅಂದವರು ನಮ್ಮ ಸರ್ವೇಯರ್ ಸಾಹೇಬರು. ನಿನ್ನ ಕೈಲಿ ಆಗದು ಎಂದು ಕೊಂಕಣಿಯಲ್ಲಿ ಹೇಳುವುದು ಹೀಗೆ. ಹೇಳುವಾಗ ಬಲಗೈಯ ತೋರುಬೆರಳನ್ನು ನನ್ನ ಮೂಗಿನ ಮುಂದೆ ಆಡಿಸುತ್ತಿದ್ದರು. ಆಯುಷ್ಯವೆಲ್ಲ ಅಳತೆಯ ಸರಪಳಿ ಎಳೆದು, ಬಾಂದುಕಲ್ಲು ಹುಡುಕಿ ಮಣ್ಣು ಕೆದಕಿ, ಆ ಬೆರಳಿನ ತುದಿ ಮರದ ಬೆಣೆಯಂತೆ ಒಣಗಿ ಗಟ್ಟಿಯಾಗಿತ್ತು. ಎಷ್ಟು ಗಟ್ಟಿ ಎಂದರೆ ಡ್ರೋನಿನ ಟ್ಯಾಬ್ಲೆಟ್ಟಿನ ಗಾಜು ಅದನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಒತ್ತಿದರೆ ಸುಮ್ಮನೆ, ಎಳೆದರೂ ಸುಮ್ಮನೆ. ಆಗ ಸಾಹೇಬರು ಬೆರಳನ್ನು ನಾಲಿಗೆಗೆ ತಾಗಿಸಿ, ಹಳೆಯ ಕಡತದ ಹಾಳೆ ಮಗುಚುವವರ ಹಾಗೆ ಎಂಜಲು ಹಚ್ಚಿಕೊಂಡು, ಮತ್ತೆ ಗಾಜಿನ ಮೇಲೆ ಇಡುತ್ತಿದ್ದರು. ಆಗ ನಕ್ಷೆ ಅಲುಗುತ್ತಿತ್ತು. ಕೆಲಸ ಮುಗಿದ ಮೇಲೆ ಆ ಗಾಜು ಒರೆಸುವುದು ನನ್ನ ಪಾಲಿನ ಕೆಲಸ.

ಅವರು ತೀರಿಕೊಂಡ ಮೇಲೆ ಕಾರವಾರದಲ್ಲಿ ಸಂತಾಪ ಸಭೆ ನಡೆಯಿತು. ನೀನೂ ನಾಲ್ಕು ಮಾತಾಡು ಎಂದು ಕರೆದಿದ್ದರು. ಹೋದೆ, ಹಿಂದಿನ ಸಾಲಿನಲ್ಲಿ ಕೂತೆ, ಮಾತಾಡಲಿಲ್ಲ. ಅಲ್ಲಿ ಮಾತಾಡಿದವರು ಸುಳ್ಳು ಹೇಳಲಿಲ್ಲ. ಸಾಹೇಬರು ಯಾರ ಲಂಚವನ್ನೂ ಮುಟ್ಟಿದವರಲ್ಲ, ಅವರು ಅಳೆದ ಗಡಿಯ ಮೇಲೆ ಮತ್ತೆ ಜಗಳ ಎದ್ದದ್ದು ಕಡಿಮೆ, ಎಲ್ಲ ನಿಜ. ಆದರೆ ನನ್ನ ಬಳಿ ಇದ್ದದ್ದೂ ನಿಜವೇ. ಹಾರ ಹಾಕಿದ ಫೋಟೋದ ಮುಂದೆ ಅದನ್ನು ಹೇಳಲು ಬರುತ್ತಿರಲಿಲ್ಲ. ಸತ್ತವರ ಮೇಲಿನ ಸಿಟ್ಟನ್ನು ಸುಡಬೇಕು ಎನ್ನುತ್ತಾರೆ. ನನ್ನದು ಇನ್ನೂ ಹಸಿ ಇದೆ, ಸುಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಣಕೋಣದವಳು. ಮೊದಲು ನಮ್ಮ ಮನೆ ಕಡಲಿನ ಬದಿಗೆ ಇತ್ತು. ಜಾಗ ನೌಕಾನೆಲೆಯ ಯೋಜನೆಗೆ ಹೋದ ಮೇಲೆ ಆಯಿ, ಅಪ್ಪ ಪಾತ್ರೆಪಗಡೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಅಪ್ಪ ಬಂದರಿನಲ್ಲಿ ಮೂಟೆ ಹೊತ್ತ, ಬೆನ್ನು ಹೋದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. ಆಯಿ ಕಂಡವರ ಗದ್ದೆಯಲ್ಲಿ ಭತ್ತದ ಸಸಿ ನಟ್ಟಿ ಮಾಡಿ ನನ್ನನ್ನು ಓದಿಸಿದಳು. ನಟ್ಟಿಯ ದಿನಗಳಲ್ಲಿ ನಾನೂ ಬೆಳಗ್ಗೆ ಅವಳ ಜೊತೆ ಕೆಸರಿಗೆ ಇಳಿದು, ಕಾಲು ತೊಳೆದುಕೊಂಡು, ಬಸ್ಸು ಹಿಡಿದು ಕಾರವಾರದ ಕಾಲೇಜಿಗೆ ಹೋಗುತ್ತಿದ್ದೆ. ಉಗುರಿನ ಸಂದಿಯ ಕೆಸರು ಮಾತ್ರ ಹೋಗುತ್ತಿರಲಿಲ್ಲ. ಭೂಗೋಳ ಓದಿ ಬಿ.ಎ. ಮುಗಿಸಿದೆ. ನಮ್ಮ ಕುಟುಂಬದಲ್ಲಿ ಹಿಂದೆ ಎಷ್ಟು ತಲೆಮಾರು ಎಣಿಸಿದರೂ ಪದವಿ ಅಂತ ಆದದ್ದು ನನಗೊಬ್ಬಳಿಗೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚಪಡಬೇಕಾದವರು ಬೇರೆಯವರು.

ಕೆಲಸ ಕೇಳಿಕೊಂಡು ಸಾಹೇಬರ ಕಚೇರಿಗೆ ಹೋದೆ. ಸರಕಾರಿ ನೌಕರಿಯಿಂದ ನಿವೃತ್ತರಾಗಿ, ಖಾಸಗಿ ಮೋಜಣಿಯ ಕಚೇರಿ ಇಟ್ಟಿದ್ದರು. ಮನೆ ಕದ್ವಾಡದಲ್ಲಿ. ನನ್ನ ಪದವಿ ಪತ್ರವನ್ನು ಬೆರಳಿಗೆ ಎಂಜಲು ಹಚ್ಚಿ ಮಗುಚಿ ನೋಡಿದರು.

"ಬಿ.ಎ. ಆಯ್ತಾ? ಭೂಗೋಳ? ಹೌದಾ! ಹಾಂಗಾದ್ರೆ ಹೇಳು, ಈ ಕಿಡಕಿ ಯಾವ ದಿಕ್ಕಿಗದೆ?"

"ನೈಋತ್ಯಕ್ಕೆ ಸರ್."

ಉತ್ತರ ಸರಿಯಾಗಿತ್ತು. ಅದಕ್ಕೇ ಅವರಿಗೆ ಸಿಟ್ಟು ಬಂತು. "ಹಾಂ. ಅದೇ ಕಿಡಕಿ ದಿನಾ ಒರ್ಸು. ನಾಳಿಂದ ಬಾ."

ಹೀಗೆ ನಾನು ಕಂಪ್ಯೂಟರ್ ಕೆಲಸಕ್ಕೆಂದು ಸೇರಿ ಕಿಟಕಿ, ಮೇಜು, ಆಮೇಲೆ ಟ್ಯಾಬ್ಲೆಟ್ಟು ಒರೆಸುವವಳಾದೆ. ನಕ್ಷೆಗಳನ್ನೂ ನಾನೇ ಬಿಡಿಸುತ್ತಿದ್ದೆ. ಕೆಳಗೆ ಹೆಸರು ಅವರದ್ದು. ಇರಲಿ, ಕಚೇರಿ ಅವರದ್ದು. ನಾನು ತಾಳಿಕೊಳ್ಳಲಾರದೆ ಹೋದದ್ದು ಇನ್ನೊಂದನ್ನು. ಸಾಹೇಬರು ನನಗೆ ಏನು ಕೊಟ್ಟರೂ ಎಡಗೈಯಲ್ಲಿ ಕೊಡುತ್ತಿದ್ದರು. ಬೀಗದ ಕೈ ಎಡಗೈಯಲ್ಲಿ, ಕಡತ ಎಡಗೈಯಲ್ಲಿ, ಚೌತಿಯ ಪ್ರಸಾದವೂ ಎಡಗೈಯಲ್ಲಿ. ಅವರು ಎಡಚರಲ್ಲ. ಪಕ್ಕದ ಅಂಗಡಿಯವನಿಗೆ, ವಕೀಲರಿಗೆ, ಅಂಚೆಯವನಿಗೆ ಬಲಗೈಯಲ್ಲೇ ಕೊಡುತ್ತಿದ್ದರು. ಒಂದು ದಿನ ನಾನು ಮರೆತು ಬಂದ ಬುತ್ತಿ ಹಿಡಿದುಕೊಂಡು ಆಯಿ ಕಚೇರಿಯ ಬಾಗಿಲಿಗೆ ಬಂದಿದ್ದಳು. ಸಾಹೇಬರು ನನಗೆ ಬೀಗದ ಕೈ ಕೊಡುವುದನ್ನು ಹೊಸಿಲಾಚೆ ನಿಂತು ನೋಡಿದಳು. ಬುತ್ತಿ ಕೊಟ್ಟು ಹೋದಳು. ಮನೆಯಲ್ಲೂ ಆ ಮಾತು ಎತ್ತಲಿಲ್ಲ. ಆಯಿ ಮಾತೆತ್ತದಿದ್ದರೆ ಮರೆತಳು ಎಂದು ಅರ್ಥವಲ್ಲ.

ಡ್ರೋನ್ ಬಂದದ್ದು ಸಾಹೇಬರ ಮೊಣಕಾಲು ಕೆಟ್ಟ ಮೇಲೆ. ಬದುವಿನ ಮೇಲೆ ನಡೆಯುವುದು ಆಗುತ್ತಿರಲಿಲ್ಲ. ಗದ್ದೆಗೆ ಇಳಿಯದೆ ಗದ್ದೆ ಅಳೆಯುವ ಯಂತ್ರ ಇದೆ ಎಂದು ಯಾರೋ ಹೇಳಿದರು, ತರಿಸಿದರು. ಪೆಟ್ಟಿಗೆ ಬಿಚ್ಚಿದ ದಿನ ಅವರ ಮುಖದಲ್ಲಿ ಕಂಡ ಖುಷಿಯನ್ನು ಮತ್ತೆ ನಾನು ಕಂಡಿಲ್ಲ. ಹಬ್ಬಕ್ಕೆ ಹೊಸ ಅಂಗಿ ಹಾಕಿಕೊಂಡವರ ಹಾಗೆ ಇದ್ದರು. ನಾನು ಒಂದು ರೆಕ್ಕೆಯನ್ನು ಎತ್ತಿ ನೋಡಹೋದೆ.

"ಮುಟ್ಟಬೇಡ! ಇದು ಕಸಬರಿಗಿ ಅಲ್ಲ."

"ಹಾರ್ಸೂಕೆ ನಾನೂ ಕಲೀತೆ ಸರ್."

ಬೆರಳು ಎದ್ದಿತು. "ತುಜ್ಯಾನ್ ಜಾಯ್ನಾ ಗೋ. ನಟ್ಟಿ ಮಾಡುವವ್ರು ಕೆಳಗೆ ನೋಡ್ಕಂಡಿರ್ಬೇಕು. ಮೇಲೆ ನೋಡೂಕೆ ಬೇರೆಯವ್ರಿದ್ದಾರೆ."

ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುತ್ತ ನಾನು ಕಿಟಕಿಯ ಹೊರಗೆ ಏನನ್ನೂ ನೋಡಲಿಲ್ಲ. ಹಾರಿಸಲು ಸರಕಾರದ ಪ್ರಮಾಣಪತ್ರ ಬೇಕು, ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಆ ಕಾಗದ ನನ್ನ ಹೆಸರಿನಲ್ಲಿ ಬರಬೇಕು ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ. ಅದರಿಂದ ಏನು ಸಿಗುತ್ತದೆ ಎಂದು ಯೋಚಿಸಲಿಲ್ಲ. ಆ ಬೆರಳು ಮಡಚಬೇಕು, ಅಷ್ಟೇ.

ಡ್ರೋನ್ ಮುಟ್ಟುವಂತಿರಲಿಲ್ಲ. ಆದರೆ ಹಾರಾಟದ ಯೋಜನೆ ಹಾಕುವ ಆ್ಯಪ್ ನನ್ನ ಮೊಬೈಲಿಗೂ ಇಳಿಯುತ್ತಿತ್ತು. ಇಳಿಸಿಕೊಂಡೆ. ಆಕಾಶದಿಂದ ತೆಗೆದ ನೆಲದ ಚಿತ್ರ ಬರುತ್ತದೆ. ಅದರ ಮೇಲೆ ಅಳೆಯಬೇಕಾದ ಜಾಗದ ಮೂಲೆ ಮೂಲೆ ಒತ್ತಿ ಸುತ್ತುಗೆರೆ ಹಾಕಬೇಕು. ಹಾಕಿದ ಕೂಡಲೇ ಅದರೊಳಗೆ ನೇಗಿಲ ಸಾಲಿನಂತೆ ಗೆರೆ ಬಂದು ಕೂರುತ್ತವೆ. ಯಂತ್ರ ಆ ಸಾಲಿನ ಮೇಲೇ ಹೋಗಿ ಬಂದು ಫೋಟೋ ತೆಗೆಯುತ್ತದೆ. ಎಷ್ಟು ಎತ್ತರ, ಒಂದು ಫೋಟೋ ಪಕ್ಕದ ಫೋಟೋದ ಮೇಲೆ ಎಷ್ಟು ಹತ್ತಬೇಕು, ಬ್ಯಾಟರಿ ಸಾಲುತ್ತದೋ ಇಲ್ಲವೋ, ಎಲ್ಲ ಅಲ್ಲೇ ಹೇಳುತ್ತದೆ. ಫೋಟೋಗಳು ಒಂದರ ಮೇಲೊಂದು ಹತ್ತದಿದ್ದರೆ ಆಮೇಲೆ ಅವನ್ನು ಹೊಲಿದು ನಕ್ಷೆ ಮಾಡಲು ಬರುವುದಿಲ್ಲ. ಹಣಕೋಣದ ಗದ್ದೆ, ಹೊಳೆಯ ದಂಡೆ, ಶಾಲೆಯ ಬಯಲು, ಎಲ್ಲದರ ಮೇಲೂ ಸುತ್ತುಗೆರೆ ಹಾಕಿ ಹಾಕಿ ಕಲಿತೆ. ಒಮ್ಮೆ ನಮ್ಮ ಹಳೆಯ ಮನೆ ಇದ್ದ ಜಾಗ ಹುಡುಕಿದೆ. ಅಲ್ಲೆಲ್ಲ ಕೆಂಪು ಬಣ್ಣ, ಹಾರಾಟ ನಿಷೇಧ. ಆಯಿಗೆ ತೋರಿಸಿದೆ. "ಹೂಂ," ಅಂದಳು, "ಕಾಲಲ್ಲೂ ಹೋಗೂಕೆ ಬಿಡೂದಿಲ್ಲ. ರೆಕ್ಕೆ ಬಂದ್ರೂ ಬಿಡೂದಿಲ್ಲ ಅಂದ್ರೆ ಸರಿಯೇ ಆಯ್ತಲ್ಲ."

ಅಂಕೋಲಾ ಕಡೆಯ ಗಜನಿಯ ಕೆಲಸ ಬಂದದ್ದು ಆಗ. ಹೊಳೆಯ ಉಪ್ಪುನೀರು ಹತ್ತಿ ಇಳಿಯುವ ತಗ್ಗಿನ ಗದ್ದೆಗಳಿಗೆ ನಮ್ಮಲ್ಲಿ ಗಜನಿ ಎನ್ನುತ್ತೇವೆ. ನೀರನ್ನು ತಡೆಯಲು ಸುತ್ತ ಮಣ್ಣಿನ ಒಡ್ಡು ಇರುತ್ತದೆ. ಅಲ್ಲಿ ಒಡ್ಡು ಒಡೆದು ಉಪ್ಪುನೀರು ಒಳಗೆ ನುಗ್ಗಿತ್ತು. ಎಷ್ಟು ಗದ್ದೆ ಹಾಳಾಯಿತು, ಒಡ್ಡು ಎಲ್ಲೆಲ್ಲಿ ಕುಸಿಯಿತು ಎಂದು ನಕ್ಷೆ ಮಾಡಿಕೊಡಿ ಎಂದು ರೈತರ ಗಜನಿ ಸಮಿತಿಯವರು ಕೇಳಿದ್ದರು. ಸಮಿತಿಯ ಯಜಮಾನ ಒಬ್ಬ ಮುದುಕ, ಎಲೆ ಅಡಿಕೆ ಜಗಿಯುತ್ತ ನಿಧಾನ ಮಾತಾಡುವವನು.

ಮೊದಲ ದಿನ ನೆಲದ ಗುರುತು ಹಾಕಿ ಬಂದೆವು. ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುವ ಹಾಗೆ, ಅಳೆದಿಟ್ಟ ಜಾಗಗಳಲ್ಲಿ ಸುಣ್ಣದಿಂದ ದೊಡ್ಡ ಅಡ್ಡಗೆರೆ ಎಳೆಯಬೇಕು. ಆ ಗುರುತಿಲ್ಲದಿದ್ದರೆ ನಕ್ಷೆ ಚೆಂದ ಕಾಣುತ್ತದೆ, ಆದರೆ ಇದ್ದಲ್ಲಿ ಇರುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಮರುದಿನ ಹೋಗಿ ನೋಡಿದರೆ ಒಂದು ಗುರುತೂ ಇಲ್ಲ. ಯಾರೋ ನೀರು ಹೊಯ್ದು, ಕಾಲಿನಲ್ಲಿ ತಿಕ್ಕಿ, ಮೇಲೆ ಕೆಸರು ಸಾರಿಸಿದ್ದರು.

ಸಾಹೇಬರು ಕೂಗಾಡಿದರು. "ನಕ್ಷೆ ಮಾಡಿ ಅಂದವ್ರು ನೀವೇ ಅಲ್ವಾ?"

ಯಜಮಾನ ಎಲೆಯ ರಸ ಉಗಿದು ಬಂದು ಹೇಳಿದ: "ನಕ್ಷೆ ಮಾಡಿ ಅಂದವ್ರು ನಾವೇ ಹೌದು. ಸುಣ್ಣಾ ಹಾಕಿ ಅಂತ ಯಾರು ಹೇಳ್ದವ್ರು?"

ಸಾಹೇಬರು ನನ್ನ ಕಡೆ ತಿರುಗಿದರು. "ನೋಡು, ನಿನ್ನ ಜನ! ಇವ್ರಿಗೆ ನಕ್ಷೆ ಬೇಕು, ಗುರ್ತು ಬೇಡ. ಉಂಬೂಕೆ ಬೇಕು, ಒಲೆ ಹಚ್ಚೂಕೆ ಬೇಡ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ನಮ್ಮ ಕರಾವಳಿಯಲ್ಲಿ ಸುಣ್ಣದ ಗುರುತು ಎಂದರೆ ಏನು ಎಂದು ಅಷ್ಟು ವರ್ಷ ಸರ್ವೆ ಮಾಡಿದ ಇವರಿಗೆ ಗೊತ್ತಿರಲಿಲ್ಲವೆ? ರಸ್ತೆ ಅಗಲವಾಗುವಾಗ, ಜಾಗ ಹೋಗುವಾಗ, ಮೊದಲು ಬರುವುದು ನೋಟೀಸಲ್ಲ, ಗೋಡೆಯ ಮೇಲೆ ಸುಣ್ಣ. ನಾನು ಯಜಮಾನನ ಹತ್ತಿರ ಹೋಗಿ ಹೇಳಿದೆ: "ಅಜ್ಜಾ, ನಮ್ಮನೆ ಗೋಡೆಗೂ ಹಾಕಿದ್ರು. ನಮ್ಮ ಆಯಿ ತೊಳ್ದೂ ತೊಳ್ದೂ ಗೋಡೆ ಮಣ್ಣೇ ಕಿತ್ ಬಂತು. ಮನೆ ಉಳೀಲಿಲ್ಲ. ಇದು ಅದಲ್ಲ."

"ಅದಲ್ಲ ಅಂತ ಅವ್ರೂ ಹೇಳ್ದವ್ರೇ ಆಗಿರ್ಬೇಕು, ಮಗಾ."

ಸುಣ್ಣ ಇನ್ನು ನಡೆಯುವುದಿಲ್ಲ ಎಂದು ತಿಳಿಯಿತು. ಹಾಗಾಗಿ ಬೇರೆ ದಾರಿ ಹುಡುಕಿದೆ. ಹಳೆಯ ಫ್ಲೆಕ್ಸ್ ಬ್ಯಾನರುಗಳ ಹಿಂಬದಿ ಬೆಳ್ಳಗಿರುತ್ತದೆ. ಅದನ್ನು ಚೌಕ ಕತ್ತರಿಸಿ, ಎದುರುಬದುರು ಮೂಲೆಗೆ ಕಪ್ಪು ಬಣ್ಣ ಬಳಿದೆ. ಹಾರಿಸುವಾಗ ಹಾಸುವುದು, ಮುಗಿದ ಮೇಲೆ ಎಲ್ಲರ ಕಣ್ಣೆದುರಿಗೇ ಮಡಚಿ ತೆಗೆದುಕೊಂಡು ಹೋಗುವುದು. ಯಜಮಾನ ತಲೆ ಆಡಿಸಿದ. "ಇದಾದ್ರೆ ಅಡ್ಡಿಲ್ಲ. ಹಾಸ್ದವ್ರೇ ತೆಗೀತ್ರು." ಸಾಹೇಬರು "ತಿಪ್ಪೆ ಬುದ್ಧಿ" ಅಂದರು. ಆಮೇಲೆ ಎಲ್ಲ ಕೆಲಸಕ್ಕೂ ಆ ಚೌಕಗಳನ್ನೇ ಒಯ್ದರು. ಅದು ತಾನೇ ಕಂಡುಹಿಡಿದದ್ದು ಎಂದು ವಕೀಲರ ಮುಂದೆ ಹೇಳುವುದನ್ನು ನಾನು ಗಾಜು ಒರೆಸುತ್ತ ಕೇಳಿದ್ದೇನೆ.

ಹಾರಿಸುವ ದಿನ ಒಡ್ಡಿನ ತನಕ ನಡೆಯಲು ಸಾಹೇಬರ ಕಾಲು ಒಪ್ಪಲಿಲ್ಲ. ಯಜಮಾನನ ದೋಣಿಯಲ್ಲಿ ಗಜನಿಯ ನಡುವಿಗೆ ಹೋದೆವು. ದೋಣಿಯ ಮೇಲೆ ಒಂದು ಹಲಗೆ ಹಾಕಿ, ಅಲ್ಲಿಂದಲೇ ಯಂತ್ರ ಎಬ್ಬಿಸುತ್ತೇನೆ ಅಂದರು. ಆಗ ಅವರ ಬಳಿಯಾಗಲಿ ನನ್ನ ಬಳಿಯಾಗಲಿ ಪ್ರಮಾಣಪತ್ರ ಇರಲಿಲ್ಲ. ಅದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಹೇಳಿದ್ದೆ, ಕೇಳಿಸಿಕೊಳ್ಳಲಿಲ್ಲ.

ಹೊರಡುವ ಮೊದಲು ಅವರು ಯಾವಾಗಲೂ ಮಾಡುವುದನ್ನು ಮಾಡಿದರು. ಒಡ್ಡಿನ ಬದಿಯಿಂದ ಕಿತ್ತ ಒಣಹುಲ್ಲನ್ನು ಚಿವುಟಿ ಕಣ್ಣಿನೆತ್ತರದಿಂದ ಕೈಬಿಟ್ಟು, ಅದು ಎತ್ತ ಬೀಳುತ್ತದೆ ಎಂದು ನೋಡಿದರು. "ಆ್ಯಪಿಗೆ ಗಾಳಿ ಕೇಳಬೇಡ. ಗಾಳಿಗೇ ಕೇಳು," ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಕೆಲಸದಲ್ಲಿ ಮನುಷ್ಯ ಚೊಕ್ಕ. ಇದನ್ನು ಹೇಳದಿದ್ದರೆ ನಾನೂ ಎಡಗೈಯಲ್ಲಿ ಬರೆದ ಹಾಗಾಗುತ್ತದೆ.

ಯಂತ್ರ ಎದ್ದಿತು. ಸಾಲು ಹಿಡಿದು ಹೋಗಿ ಬರತೊಡಗಿತು. ಸಾಹೇಬರು ಅದನ್ನು ತಲೆ ಎತ್ತಿ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಗಾಜು ನೋಡುತ್ತಿದ್ದೆ. ನಟ್ಟಿ ಮಾಡುವವಳಲ್ಲವೆ. ಆಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಯಂತ್ರ ಎಲ್ಲಿಂದ ಏಳುತ್ತದೋ ಆ ಜಾಗವನ್ನು ಆ್ಯಪ್ ಮನೆ ಎಂದು ಗುರುತು ಮಾಡಿಕೊಳ್ಳುತ್ತದೆ. ಬ್ಯಾಟರಿ ಇಳಿದರೆ ತಾನೇ ತಿರುಗಿ ಆ ಮನೆಗೆ ಬಂದು ಇಳಿಯುತ್ತದೆ. ನೆಲದ ಮೇಲೆ ನಿಂತವರಿಗೆ ಇದರಿಂದ ತೊಂದರೆಯಿಲ್ಲ. ನಾವು ದೋಣಿಯ ಮೇಲಿದ್ದೆವು. ಕಡಲಿನ ಇಳಿತ ಶುರುವಾಗಿತ್ತು. ಒಡೆದ ಒಡ್ಡಿನ ಬಾಯಿಂದ ನೀರು ಹೊಳೆಗೆ ಎಳೆಯುತ್ತಿತ್ತು, ಯಜಮಾನ ಬಿದಿರಿನ ಗಳು ಊರಿದ್ದರೂ ದೋಣಿ ಜಾರುತ್ತಲೇ ಇತ್ತು. ಗಾಜಿನ ಮೇಲೆ ನಾವು ಒಂದು ಕಡೆ, ನಮ್ಮ ಮನೆ ಇನ್ನೊಂದು ಕಡೆ.

"ಸರ್, ಮನೆ ಗುರ್ತು ಅಲ್ಲೇ ಉಳ್ಕಂಡದೆ. ನಾವು ಇಲ್ಲಿಗೆ ಬಂದಾಯ್ತು. ಗುರ್ತು ಬದಲ್ಸಿ."

"ಬಾಯಿ ಮುಚ್ಚು."

"ಸರ್, ಅದು ತಿರುಗಿ ಬಂದ್ರೆ ನೀರಿಗೆ ಇಳೀತದೆ."

"ನಿಂಗೆ ಯಾರು ಕೇಳ್ದವ್ರು? ನಾ ಸರಪಳಿ ಹಿಡ್ದಾಗ ನಿಮ್ಮಪ್ಪ ಹುಟ್ಟಿರ್ಲಿಲ್ಲ."

ಯಜಮಾನ ಗಳಿನ ಮೇಲೆ ಭಾರ ಹಾಕುತ್ತ, "ಸಾಹೇಬ್ರೇ, ಕೂಸು ಹೇಳೂದು ಕೇಳಿ," ಅಂದ. ಅಷ್ಟರಲ್ಲಿ ಟ್ಯಾಬ್ಲೆಟ್ಟು ಕಿರುಚತೊಡಗಿತು. ಬ್ಯಾಟರಿ ಇಳಿದಿತ್ತು. ಯಂತ್ರ ಸಾಲು ಬಿಟ್ಟು ತಿರುಗಿತು, ನಮ್ಮ ಕಡೆಗಲ್ಲ, ನಾವು ಮೊದಲಿದ್ದ ಕಡೆಗೆ. ಅಲ್ಲಿ ಬರೀ ನೀರು. ನೀರಿನ ನೆತ್ತಿಯ ಮೇಲೆ ನಿಂತು, ಮನೆಗೆ ಬಂದ ಹಾಗೆ, ನಿಧಾನ ಇಳಿಯತೊಡಗಿತು.

ಸಾಹೇಬರು ರದ್ದು ಮಾಡಲು ಗಾಜು ಒತ್ತಿದರು. ಬೆರಳನ್ನು ಗಾಜು ಒಪ್ಪಲಿಲ್ಲ. ನಾಲಿಗೆಗೆ ಒತ್ತಿ ಮತ್ತೆ ಇಟ್ಟರು. ಗಾಜಿನ ಮೇಲೆ ಉಪ್ಪುನೀರಿನ ಹನಿ, ಅದರ ಮೇಲೆ ಎಂಜಲು. ನಕ್ಷೆ ಅತ್ತಿತ್ತ ಹಾರಿತೇ ಹೊರತು ಯಂತ್ರ ನಿಲ್ಲಲಿಲ್ಲ.  

ಟ್ಯಾಬ್ಲೆಟ್ಟು ಸಿಕ್ಕಿಸಿದ ರಿಮೋಟನ್ನು ನಾನು ಅವರ ಕೈಯಿಂದ ಕಿತ್ತುಕೊಂಡೆ. ಕೇಳಿ ತೆಗೆದುಕೊಳ್ಳಲಿಲ್ಲ, ಕಿತ್ತುಕೊಂಡೆ. ರಿಮೋಟಿನ ನಿಲ್ಲಿಸುವ ಗುಂಡಿ ಒತ್ತಿ, ಅದರ ಕಡ್ಡಿ ಮೇಲಕ್ಕೆ ದೂಡಿದೆ. ಯಂತ್ರ ನೀರು ತಾಗುವ ಮೊದಲು ಎದ್ದಿತು. ಜೀವನದಲ್ಲಿ ಮೊದಲ ಸಲ ಅದು ನನ್ನ ಮಾತು ಕೇಳಿತು. ದೋಣಿಯ ಕಡೆ ತಂದೆ. ಹಲಗೆಯ ಮೇಲೆ ಇಳಿಸಬಹುದಿತ್ತು. ಇವಳು ಮುಳುಗಿಸಿಯೇ ಬಿಡುತ್ತಾಳೆ ಎಂದು ಸಾಹೇಬರಿಗೆ ಅನ್ನಿಸಿರಬೇಕು. "ಬೇಡ ಸರ್" ಎನ್ನುವುದರೊಳಗೆ ಬಲಗೈ ಚಾಚಿ ಹಿಡಿಯಹೋದರು. ರೆಕ್ಕೆ ಬೆರಳಿಗೆ ಬಡಿಯಿತು. ತೋರುಬೆರಳಿಗೇ ಹೆಚ್ಚು.

ಯಂತ್ರ ಹಲಗೆಯ ಮೇಲೆ ಬಿದ್ದು ನಿಂತಿತು, ಅದರ ಸುತ್ತೆಲ್ಲ ರಕ್ತ. ಯಜಮಾನ ತಲೆಯ ಮುಂಡಾಸು ಬಿಚ್ಚಿ ಕೈ ಕಟ್ಟಿದ. ಸಾಹೇಬರ ಮುಖ ಬಿಳುಚಿತ್ತು. ಅವರು ಆಡಿದ ಮೊದಲ ಮಾತು ನೋವಿನದಲ್ಲ, ಬೈಗಳವೂ ಅಲ್ಲ. "ಫೋಟೋ ಎಲ್ಲ ಬಂತಾ?"

"ಕಡೇ ಸಾಲು ಉಳೀತು ಸರ್."

"ನಾಳೆ ಬಂದು ತೆಗೀಬೇಕು. ಅರ್ಧ ನಕ್ಷೆ ಕೊಡುವವ ನಾನಲ್ಲ."

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನನ್ನ ಮುಖ ನೋಡದೆ ಹೇಳಿದರು: "ಡ್ರೋನ್ ಬರೂಕೂ ಮುಂಚೆ ನಾನೇ ಹೋಗಿ ಕೇಳಿದ್ದೆ. ಪರೀಕ್ಷೆಗೆ ಕುಳ್ಳೂಕೆ ಬಿಡೂದಿಲ್ಲ ಅಂದ್ರು. ಅರವತ್ತೈದು ದಾಟ್ದವ್ರಿಗೆ ಆ ಕಾಗದ ಇಲ್ವಂತೆ." ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ನೀ ಹೋಗು. ಕಚೇರಿಯಿಂದ ಕಳ್ಸ್ತೆ."

ನಾನು ಏನೂ ಹೇಳುವ ಮೊದಲೇ ಸೇರಿಸಿದರು: "ಬೇರೆ ಯಾರೂ ಸಿಗ್ಲಿಲ್ಲ, ಅದ್ಕೆ."

ಹಾಗಾದರೆ ಅಷ್ಟು ದಿನ ನನ್ನ ಮೂಗಿನ ಮುಂದೆ ಆಡಿಸಿದ 'ಜಾಯ್ನಾ' ಯಾರೋ ಅವರಿಗೆ ಹೇಳಿದ್ದು. ಅದನ್ನು ಹೊತ್ತು ತಂದು ನನ್ನ ಮೇಲೆ ಇಳಿಸಿದ್ದರು. ಕೇಳಿ ಅಯ್ಯೋ ಅನ್ನಿಸಿತೇ ಎಂದು ಕೇಳಿದವರಿದ್ದಾರೆ. ಇಲ್ಲ. ಅವರಿಗೆ ವಯಸ್ಸು ಅಡ್ಡ ಬಂತು, ನನಗೆ ಅವರು ಅಡ್ಡ ಬಂದರು. ಎರಡೂ ಒಂದೇ ಅಲ್ಲ. ಪ್ರಸಾದವನ್ನು ಎಡಗೈಯಲ್ಲಿ ಕೊಡಿ ಎಂದು ಯಾವ ನಿಯಮದಲ್ಲೂ ಬರೆದಿಲ್ಲ.

ತರಬೇತಿ ಘಟ್ಟದ ಮೇಲಿನ ಊರಿನಲ್ಲಿ. ಅಲ್ಲಿ ಬಂದವರಲ್ಲಿ ಹೆಚ್ಚಿನವರು ಹುಡುಗರು, ಶೂ ಹಾಕಿಕೊಂಡವರು. ನನ್ನ ಕಾಲಿನ ಒಡಕು ನೋಡಿದರು, ಆಮೇಲೆ ಯೋಜನೆ ಹಾಕುವ ನನ್ನ ಬೆರಳು ನೋಡಿದರು, ಆಮೇಲೆ ಸುಮ್ಮನಾದರು. ಹಾರಾಟದ ಪರೀಕ್ಷೆಯ ದಿನ ಪರೀಕ್ಷಕರು, "ಮೊದಲು ಏನು ನೋಡುತ್ತೀಯ?" ಎಂದು ಕೇಳಿದರು. ಹುಡುಗರೆಲ್ಲ ಪರದೆಯ ಮೇಲಿನ ಅಂಕಿ ಓದಿ ಹೇಳಿದ್ದರು. ನಾನು ಬಗ್ಗಿ ಹುಲ್ಲು ಚಿವುಟಿ ಗಾಳಿಗೆ ಬಿಟ್ಟೆ. ಆಮೇಲೆ ಪರದೆ ನೋಡಿದೆ. ಎರಡೂ ಹೊಂದಲಿಲ್ಲ. ನೆಲದ ಹತ್ತಿರ ಗಾಳಿ ತಿರುಗಿತ್ತು. ಹೇಳಿದೆ. ಪರೀಕ್ಷಕರು, "ಇದನ್ನು ಯಾರು ಕಲಿಸಿದರು?" ಅಂದರು.

"ಯಾರೂ ಕಲಿಸಲಿಲ್ಲ ಸರ್. ನೋಡಿ ಕಲಿತೆ."

ಅದು ನಿಜ. ಸಾಹೇಬರು ನನಗೆ ಏನನ್ನೂ ಕಲಿಸಲಿಲ್ಲ. ಅವರು ಮುಚ್ಚಿಟ್ಟದ್ದನ್ನು ನಾನು ತೆಗೆದುಕೊಂಡೆ. ಇವತ್ತಿಗೂ ಪ್ರತಿ ಹಾರಾಟಕ್ಕೆ ಮೊದಲು ಹುಲ್ಲು ಚಿವುಟುತ್ತೇನೆ. ಅದು ಅವರ ಋಣ. ತೀರಿಸುವ ಮನಸ್ಸಿಲ್ಲ, ಇಲ್ಲವೆನ್ನುವ ಸುಳ್ಳೂ ನನ್ನಿಂದಾಗದು.

ಪಾಸಾದೆ. ಕಚೇರಿಯ ಮೂಲಕ ಹೆಸರು ಕೊಟ್ಟದ್ದರಿಂದ ಪ್ರಮಾಣಪತ್ರ ಕಚೇರಿಯ ಇಮೇಲಿಗೆ ಬಂತು. ಸಾಹೇಬರು ಅದನ್ನು ಮುದ್ರಿಸಿ ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹಾಕಿದರು, ಕಚೇರಿಯ ಫಲಕದ ಕೆಳಗೆ. "ಅದು ನಂದು ಸರ್" ಅಂದೆ. "ಕಳ್ಸ್ದವ ಯಾರು?" ಅಂದರು. ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ. ನನ್ನ ಹೆಸರಿನ ಕಾಗದ ನನ್ನ ಮನೆಗೆ ಬರುವ ತನಕ ನಾನು ಕಚೇರಿಗೆ ಬರುವುದಿಲ್ಲ ಎಂದು ಹೇಳಿ ಬಂದಿದ್ದೆ. ಗಜನಿಯ ಕಡೆಯ ಸಾಲು ಇನ್ನೂ ಉಳಿದಿತ್ತು. ಅರ್ಧ ನಕ್ಷೆ ಕೊಡುವವರಲ್ಲ ಅವರು. ಅದು ನನಗೆ ಗೊತ್ತಿತ್ತು.

ಬಂದರು. ಒಂದು ಮಧ್ಯಾಹ್ನ ನಮ್ಮ ಅಂಗಳದ ಮುಂದೆ ರಿಕ್ಷಾ ನಿಂತಿತು. ಸಾಹೇಬರು ಮೊಣಕಾಲು ಹಿಡಿದುಕೊಂಡು ಇಳಿದರು. ಬಲಗೈಗೆ ಇನ್ನೂ ಬಟ್ಟೆಯ ಪಟ್ಟಿ. ಆಯಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಎದ್ದು ಸೆರಗು ಸರಿಮಾಡಿಕೊಂಡಳು. ಕೂತ್ಕಳ್ಳಿ ಎನ್ನಲಿಲ್ಲ.

"ಗಜನಿಯವ್ರು ಫೋನ್ ಮಾಡ್ತೇ ಇದ್ದಾರೆ," ಅಂದರು ಸಾಹೇಬರು, ನಮ್ಮಿಬ್ಬರ ನಡುವಿನ ತುಳಸಿಕಟ್ಟೆಗೆ. ಬಗಲ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದರು. ಒಂದೇ ಕೈಯಲ್ಲಿ ಅದರ ಬಾಯಿ ಬಿಚ್ಚಲು ಬರಲಿಲ್ಲ. ಎಡಗೈಯ ಬೆರಳನ್ನು ನಾಲಿಗೆಗೆ ತಾಗಿಸಿ ಬಿಡಿಸಿದರು. ಪ್ರಮಾಣಪತ್ರ ಎಳೆದು, ಅದೇ ಎಡಗೈಯಲ್ಲಿ ನನ್ನ ಕಡೆ ಚಾಚಿದರು. ನನ್ನ ಕೈ ರೂಢಿಯಿಂದ ಮುಂದೆ ಹೋಯಿತು.

"ತಕಣಬೇಡ," ಅಂದಳು ಆಯಿ.

ಸಾಹೇಬರಿಗೆ ಅರ್ಥವಾಯಿತು. ಅರ್ಥವಾಗದವರಂತೆ ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿದರು. "ಗಾಯ ಆಗ್ಯದೆ ಬಾಯೆ. ಕಾಣೂದಿಲ್ವಾ?"

"ಕಾಣ್ತದೆ ಸಾಹೇಬ್ರೇ. ಗಾಯ ಮೊನ್ನೆ ಆದದ್ದು. ಅದ್ಕೂ ಮುಂಚೆ ಏನಾಗಿತ್ತು ಆ ಕೈಗೆ?"

ರಿಕ್ಷಾದವನು ಇಂಜಿನ್ ಆರಿಸಿ ಕೇಳುತ್ತಿದ್ದ. ಸಾಹೇಬರ ಬಾಯಿ ಒಮ್ಮೆ ತೆರೆಯಿತು. ಆ 'ಜಾಯ್ನಾ' ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಕಾಗದವನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡರು. ಪಟ್ಟಿಯ ಹೊರಗೆ ಉಳಿದ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಸಿಕ್ಕಿಸಿ, ನೋವಿಗೆ ಹುಬ್ಬು ಗಂಟಿಕ್ಕಿ, ಚಾಚಿದರು. ತೋರುಬೆರಳು ಪಟ್ಟಿಯೊಳಗೆ ಮಡಚಿಕೊಂಡಿತ್ತು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ನನ್ನ ಹೆಸರು, ಅಪ್ಪನ ಹೆಸರು, ನನ್ನ ಫೋಟೋ.

"ನಾಳೆ ಬತ್ತೆ ಸರ್, ಕಡೇ ಸಾಲಿಗೆ," ಅಂದೆ.

ಅವರು ತಲೆ ಆಡಿಸಿ ರಿಕ್ಷಾ ಹತ್ತಿದರು. ರಿಕ್ಷಾ ತಿರುವು ದಾಟುವ ತನಕ ಆಯಿ ನೋಡುತ್ತ ನಿಂತಳು. ಓದಲು ಬಾರದ ಕಾಗದವನ್ನು ನನ್ನ ಕೈಯಲ್ಲೇ ಮೇಲಿಂದ ಕೆಳಗೆ ನೋಡಿದಳು, ಫೋಟೋದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಭತ್ತ ಹರವಲು ಬಗ್ಗುತ್ತ ಹೇಳಿದಳು:

"ಮೂಲೆಗೆ ಎಂಜಲು ತಾಗ್ಯದೆ. ಒರ್ಸಿ ಒಳಗಿಡು, ಮಗಾ."